ಕಲ್ಲಿಗೊಂದು ಚೀಟಿ

ಮನುಷ್ಯನ ಹವ್ಯಾಸಗಳಲ್ಲಿಯೂ ಮೇಲುಕೀಳುಗಳುಂಟು. ಅಂಚೆಚೀಟಿ ಕೂಡಿಸುವವನನ್ನು ಕಂಡರೆ ಜನ ಸಂತೋಷಪಡುತ್ತಾರೆ. ಹಳೆಯ ನಾಣ್ಯ ಕೂಡಿಸುವವನನ್ನು ಗೌರವದಿಂದಲೂ, ಕೊಂಚ ಅಸೂಯೆಯಿಂದಲೂ ನೋಡುತ್ತಾರೆ. ಹಕ್ಕಿ ನೋಡುವವರ ಕೊರಳಲ್ಲಿ ತೂಗುವ ದುರ್ಬೀನಿಗಂತೂ ಈಚೆಗೆ ಒಂದು ಅಂತಸ್ತೇ ಬಂದುಬಿಟ್ಟಿದೆ. ಆದರೆ "ನಾನು ಕಲ್ಲು ಕೂಡಿಸುತ್ತೇನೆ" ಎಂದು ಹೇಳಿ ನೋಡಿ. ಎದುರಿಗಿದ್ದವರು ಮೊದಲು ನಿಮ್ಮ ಮುಖ ನೋಡುತ್ತಾರೆ, ಆಮೇಲೆ ನಿಮ್ಮ ಮನೆಯವರ ಮುಖ ನೋಡುತ್ತಾರೆ, ಕೊನೆಗೆ ಮರ್ಯಾದೆಗೆಂದು, "ಮನೆ ಕಟ್ಟಿಸುತ್ತಿದ್ದೀರೇನು?" ಎಂದು ಕೇಳುತ್ತಾರೆ.

ಅವರನ್ನು ಅಂದು ಪ್ರಯೋಜನವಿಲ್ಲ. ಕಲ್ಲಿನ ವಿಷಯದಲ್ಲಿ ನಮ್ಮ ನುಡಿಯೇ ಅಷ್ಟು ಉದಾರವಾಗಿಲ್ಲ. ಕರುಣೆಯಿಲ್ಲದವನದು ಕಲ್ಲೆದೆ. ಆಗುವ ಕೆಲಸವನ್ನು ಕೆಡಿಸುವವನು ಅದಕ್ಕೆ ಕಲ್ಲು ಹಾಕುತ್ತಾನೆ. ಕಾಲೇಜಿನಲ್ಲಿ ಎಷ್ಟು ರಸವತ್ತಾಗಿ ಪಾಠ ಹೇಳಿದರೂ ಮಿಸುಕದೆ ಕುಳಿತ ಹುಡುಗನನ್ನು ಕಲ್ಲುಗುಂಡು ಎನ್ನುತ್ತೇವೆ. ಅದೇ ಕಲ್ಲು ಗರ್ಭಗುಡಿಯಲ್ಲಿ ನಿಂತಾಗ ಕೈಮುಗಿಯುತ್ತೇವೆ, ಸರಿ. ಆದರೆ ಆಗ ಅದು ಕಲ್ಲೆಂಬುದನ್ನು ಮರೆತಿರುತ್ತೇವೆ. ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನಾನು ಕಲ್ಲನ್ನು ಕಲ್ಲಾಗಿಯೇ ನೋಡಲು ಕಲಿತದ್ದು ಮೈಸೂರಿನ ಒಂದು ಸಣ್ಣ ಕೂಟದಲ್ಲಿ, 2015ರಿಂದ ಈಚೆಗೆ.

ಈ ಕೂಟಕ್ಕೆ ಹೆಸರಿಲ್ಲ, ಚಂದಾ ಇಲ್ಲ, ಅಧ್ಯಕ್ಷರಿಲ್ಲ. ಆದ್ದರಿಂದ ದೊಡ್ಡ ಜಗಳಗಳೂ ಇಲ್ಲ. ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಹನ್ನೊಂದು ಹನ್ನೆರಡು ಜನ ಸೇರುತ್ತೇವೆ. ರೈಲ್ವೆಯಿಂದ ನಿವೃತ್ತರಾದ ಗುಮಾಸ್ತರೊಬ್ಬರು, ದಂತವೈದ್ಯರೊಬ್ಬರು, ಗ್ರಾನೈಟ್ ಪಾಲಿಷ್ ಮಾಡಿಸುವ ಅಂಗಡಿಯವರೊಬ್ಬರು, ಮಾನಸಗಂಗೋತ್ರಿಯಲ್ಲಿ ಭೂವಿಜ್ಞಾನ ಓದಿದ ಒಬ್ಬಳು ಹುಡುಗಿ, ಎಂಟನೆಯ ತರಗತಿಯ ಒಬ್ಬ ಹುಡುಗ, ಹೀಗೆ. ಎಲ್ಲರನ್ನೂ ಕೂಡಿಸಿದವರು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತರಾದ ಮೇಷ್ಟರು. ಹಳೆಯ ಬಡಾವಣೆಯೊಂದರಲ್ಲಿದ್ದ ಅವರ ಹೆಂಚಿನ ಮನೆಯ ಪಡಸಾಲೆಯೇ ನಮ್ಮ ಸಭಾಂಗಣ. ಮೇಜಿನ ಮೇಲೆ ಹಳೆಯ ವೃತ್ತಪತ್ರಿಕೆ ಹಾಸಿ ಕಲ್ಲುಗಳನ್ನು ಹರಡುತ್ತಿದ್ದೆವು. ಅವುಗಳ ನಡುವೆಯೇ ಉಪ್ಪಿಟ್ಟಿನ ತಟ್ಟೆಗಳೂ ಓಡಾಡುತ್ತಿದ್ದುವು.

ಅಲ್ಲಿ ನಡೆಯುವ ವ್ಯವಹಾರ ಹೊಸಬರಿಗೆ ಹುಡುಗಾಟದಂತೆ ಕಂಡೀತು. ಒಬ್ಬರು ಕಲ್ಲನ್ನು ಉಗುರಿನಿಂದ ಗೀರುತ್ತಾರೆ, ಇನ್ನೊಬ್ಬರು ಚಾಕುವಿನಿಂದ. ಮತ್ತೊಬ್ಬರು ಬಚ್ಚಲುಮನೆಯ ಟೈಲಿನ ಒರಟು ಬೆನ್ನಿಗೆ ಉಜ್ಜುತ್ತಾರೆ. ದಂತವೈದ್ಯರು ಹಲ್ಲು ನೋಡುವ ಪುಟ್ಟ ಕನ್ನಡಿಯನ್ನೇ ತಂದು ಕಲ್ಲಿನ ಬಿರುಕಿನೊಳಗೆ ಇಣುಕುತ್ತಾರೆ. ಇದೆಲ್ಲ ಹಳೆಯ ಶಾಸ್ತ್ರ. ಜರ್ಮನಿಯ ಮೋಸ್ ಎಂಬಾತ 1812ರಲ್ಲಿ ಹತ್ತು ಖನಿಜಗಳನ್ನು ಸಾಲಾಗಿ ನಿಲ್ಲಿಸಿ, ಮುಂದಿನದು ಹಿಂದಿನದನ್ನು ಗೀರುವಂತೆ ಒಂದು ಏಣಿ ಮಾಡಿದ. ಮೊದಲ ಮೆಟ್ಟಿಲು ಬಳಪದ ಕಲ್ಲಿನಲ್ಲಿರುವ ಟಾಲ್ಕ್, ಬೆಣಚುಕಲ್ಲು ಏಳನೆಯದು, ಹತ್ತನೆಯದು ವಜ್ರ. ನಮ್ಮ ಉಗುರು ಎರಡೂವರೆಯ ಹತ್ತಿರ ನಿಲ್ಲುತ್ತದೆ, ಚಾಕು ಐದೂವರೆಯ ಹತ್ತಿರ. ಬೇಲೂರಿನ ಮದನಿಕೆಯರ ಬಳೆಯನ್ನೂ ಬೆರಳನ್ನೂ ಅಷ್ಟು ನವುರಾಗಿ ಕಡೆಯುವುದು ಸಾಧ್ಯವಾದದ್ದು ಕಲ್ಲು ಈ ಏಣಿಯ ಕೆಳಗಿನ ಮೆಟ್ಟಿಲಿನ ಬಳಿಯಿದ್ದುದರಿಂದ. ಶಿಲ್ಪಿಗಳ ಕೈಗೆ ಸಲ್ಲಬೇಕಾದ ಹೊಗಳಿಕೆಯನ್ನು ಇದೇನೂ ಕಡಿಮೆ ಮಾಡುವುದಿಲ್ಲ.

ಟೈಲಿಗೆ ಉಜ್ಜುವುದು ಇನ್ನೂ ಸ್ವಾರಸ್ಯ. ಕಲ್ಲಿನ ಮೈಬಣ್ಣ ಸುಳ್ಳು ಹೇಳಬಹುದು; ಅದು ಎಳೆಯುವ ಗೆರೆ ಅಷ್ಟು ಸುಲಭವಾಗಿ ಸುಳ್ಳು ಹೇಳದು. ಸಂಡೂರಿನ ಹೆಮಟೈಟ್ ಉಕ್ಕಿನ ಹಾಗೆ ಕಪ್ಪಗೆ ಮಿಂಚುತ್ತಿದ್ದರೂ ಟೈಲಿನ ಮೇಲೆ ಒಣಗಿದ ನೆತ್ತರಿನಂಥ ಕೆಂಪು ಗೆರೆ ಬಿಡುತ್ತದೆ. ಅದರ ಗ್ರೀಕ್ ಹೆಸರಿನಲ್ಲಿಯೂ ನೆತ್ತರಿದೆ. ಕುದುರೆಮುಖದ ಮ್ಯಾಗ್ನೆಟೈಟ್ ಕಪ್ಪು ಗೆರೆ ಬಿಡುತ್ತದೆ, ಅಯಸ್ಕಾಂತಕ್ಕೂ ಅಂಟಿಕೊಳ್ಳುತ್ತದೆ. ಚಿನ್ನದ ಗೆರೆ ಚಿನ್ನದ ಬಣ್ಣದ್ದೇ. ಚಿನ್ನದ ಹಾಗೆ ಹೊಳೆದು ಎಷ್ಟೋ ಜನರನ್ನು ಮರುಳು ಮಾಡಿರುವ ಪೈರೈಟ್ ಹಸಿರುಗಪ್ಪು ಗೆರೆ ಎಳೆದು ತನ್ನ ಬಣ್ಣವನ್ನು ತಾನೇ ಬಯಲು ಮಾಡುತ್ತದೆ. ಮನುಷ್ಯರನ್ನು ಉಜ್ಜಿ ನೋಡಲು ಇಂಥ ಟೈಲು ಇಲ್ಲವಲ್ಲ ಎಂದು ನಮ್ಮ ರೈಲ್ವೆ ಗುಮಾಸ್ತರು ತಿಂಗಳಿಗೊಮ್ಮೆ ತಪ್ಪದೆ ಹೇಳುತ್ತಾರೆ. ನಾವೂ ತಿಂಗಳಿಗೊಮ್ಮೆ ತಪ್ಪದೆ ನಗುತ್ತೇವೆ.

ನನ್ನನ್ನು ಈ ಕೂಟಕ್ಕೆ ಕರೆದದ್ದು ವಿಜ್ಞಾನಕ್ಕಾಗಿ ಅಲ್ಲ, ಬರವಣಿಗೆಗೆ. ಪ್ರತಿಯೊಂದು ಕಲ್ಲಿನ ಜೊತೆಯಲ್ಲಿ ಒಂದು ಚೀಟಿ ಇರಬೇಕು ಎಂಬುದು ಮೇಷ್ಟರ ಕಟ್ಟಳೆ; ಚೀಟಿ ಕನ್ನಡದಲ್ಲಿರಬೇಕು ಎಂಬುದು ಅವರ ಹಟ. ಅವರ ಕೈ ಆಗಲೇ ನಡುಗುತ್ತಿತ್ತು. "ನಿಮ್ಮ ಅಕ್ಷರ ದುಂಡಗಿದೆಯಂತೆ, ಬನ್ನಿ" ಎಂದರು. ಹೋದೆ.

ಹೋದ ಮೇಲೆ ನನಗೆ ನನ್ನದೇ ಆದ ಒಂದು ಗಣಿ ಸಿಕ್ಕಿತು. ಪದರ ಪದರವಾಗಿ ಬಿಡಿಸಿಕೊಂಡು ಬರುವ ಅಭ್ರಕಕ್ಕೆ ನಮ್ಮ ಹಳ್ಳಿಯವರು ಕಾಗೆಬಂಗಾರ ಎನ್ನುತ್ತಾರೆ. ಅದೇ ಬಿಳಿಯ ಅಭ್ರಕಕ್ಕೆ ಯೂರೋಪಿನವರು ಇಟ್ಟ ಹೆಸರಿನಲ್ಲಿ ಮಾಸ್ಕೋ ಪಟ್ಟಣ ಅಡಗಿದೆ, ಏಕೆಂದರೆ ಆ ನಾಡಿನಲ್ಲಿ ಅದನ್ನು ಕಿಟಕಿಗಳಿಗೆ ಗಾಜಿನ ಬದಲು ಹಾಕುತ್ತಿದ್ದರು. ಅವರಿಗೆ ಅದರಲ್ಲಿ ಕಿಟಕಿ ಕಂಡಿತು. ನಮಗೆ ಕಾಗೆಯನ್ನು ಮೋಸಗೊಳಿಸಬಲ್ಲ ಬಂಗಾರ ಕಂಡಿತು. ಕುರುಂದದ ಕಲ್ಲಿನದು ಬೇರೆ ಕಥೆ. ಮಾಣಿಕ್ಯದ ಬಡ ಅಣ್ಣನಾದ ಈ ಕಲ್ಲು ಮೈಸೂರಿನ ಸೀಮೆಯಲ್ಲಿಯೂ ದೊರೆಯುತ್ತದೆ. ಮೋಸ್‌ನ ಏಣಿಯಲ್ಲಿ ವಜ್ರದ ಕೆಳಗಿನ ಮೆಟ್ಟಿಲು. ತಮಿಳಿನ ಕುರುಂದವೇ ಹಡಗು ಹತ್ತಿ ಹೋಗಿ ಇಂಗ್ಲಿಷಿನಲ್ಲಿ ಕೊರಂಡಮ್ ಆಯಿತು. ಈಗ ಅದು ನಮ್ಮ ಶಾಲೆಯ ಪುಸ್ತಕಗಳಿಗೆ ಅದೇ ವಿಲಾಯತಿ ಉಡುಪಿನಲ್ಲಿ ಹಿಂತಿರುಗಿ ಬಂದು, ನೆಂಟರ ಮನೆಯಲ್ಲಿಯೇ ಗುರುತು ಹೇಳಿಕೊಳ್ಳಬೇಕಾಗಿದೆ.

ಇನ್ನೊಂದು ಸಂಗತಿ ತಿಳಿದಾಗ ನನಗಾದ ಹಿಗ್ಗನ್ನು ಹೇಳಲೇಬೇಕು. ಜರ್ಮನಿಯ ಮಹಾಕವಿ ಗಯಟೆಗೆ ಕಲ್ಲಿನ ಹುಚ್ಚಿತ್ತು. ವೈಮಾರಿನ ದೊರೆಯ ಮಂತ್ರಿಯಾಗಿ ಇಲ್ಮೆನಾವು ಎಂಬಲ್ಲಿನ ಗಣಿಯ ಆಡಳಿತವನ್ನೂ ನೋಡಿಕೊಂಡಾತ ಅವನು. ಅವನ ಸಂಗ್ರಹದಲ್ಲಿ ಸುಮಾರು 18,000 ಕಲ್ಲುಗಳಿದ್ದುವು. 1806ರಲ್ಲಿ ಕಬ್ಬಿಣದ ಒಂದು ಖನಿಜಕ್ಕೆ ಅವನ ಗೌರವಾರ್ಥ ಗಯಟೈಟ್ ಎಂದು ಹೆಸರಿಟ್ಟರು. ಮಲೆನಾಡಿನ ಜಂಬಿಟ್ಟಿಗೆಗೆ, ಕರಾವಳಿಯ ಮುರಕಲ್ಲಿಗೆ ಹಳದಿಗೆಂಪು ಬಣ್ಣ ಕೊಡುವ ಖನಿಜಗಳಲ್ಲಿ ಅದೂ ಒಂದು. ನನ್ನ ತಾಯಿಯ ತವರುಮನೆಯ ಗೋಡೆ ಜಂಬಿಟ್ಟಿಗೆಯದು. ಬೇಸಿಗೆಯ ರಜದಲ್ಲಿ ನಾನು ಬೆನ್ನು ಒರಗಿಸಿ ಕಥೆಪುಸ್ತಕ ಓದುತ್ತಿದ್ದ ಗೋಡೆಯೊಳಗೆ ಒಬ್ಬ ಕವಿಯ ಹೆಸರು ಕುಳಿತಿತ್ತು!

ವರ್ಷಕ್ಕೆ ನಾಲ್ಕಾರು ಸಲ ಕೂಟ ಊರ ಹೊರಗೆ ಹೋಗುತ್ತದೆ. ಹೋಗುವ ಮೊದಲು ಮೇಷ್ಟರ ನಿಯಮಗಳ ಪಾರಾಯಣ. ಗುಡಿ, ಕೋಟೆ, ರಕ್ಷಿತ ಬಂಡೆ ಇವುಗಳ ಹತ್ತಿರ ಸುತ್ತಿಗೆ ಚೀಲದಿಂದ ಹೊರಗೆ ಬರಕೂಡದು. ಚಾಮುಂಡಿ ಬೆಟ್ಟದ ಗ್ರಾನೈಟಿಗೆ ಸುಮಾರು 80 ಕೋಟಿ ವರ್ಷ ವಯಸ್ಸು. ಬೆಟ್ಟ ಹತ್ತುವಾಗ ಅದನ್ನು ಸವರಿ ನೋಡಬಹುದು, ಕೆತ್ತುವಂತಿಲ್ಲ. ಬೆಂಗಳೂರಿನ ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷದ್ದು, ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಲ್ಲಿಗೆ ಹೋದಾಗ ಸುತ್ತಿಗೆ ಮನೆಯಲ್ಲಿಯೇ ಇರಬೇಕು. ಹೊಲದ ಒಡೆಯನನ್ನು ಕೇಳದೆ ಬೇಲಿ ದಾಟಕೂಡದು. ಒಬ್ಬೊಬ್ಬರು ಒಂದೊಂದೇ ಕಲ್ಲು ತರಬೇಕು, ಅದೂ ತಾನಾಗಿ ಬಿದ್ದಿರುವುದು ಸಿಕ್ಕಿದರೆ ಮೇಲು.

ಮೈಸೂರಿಗೆ ಹತ್ತಿರದ ಸಿಂಧುವಳ್ಳಿಯ ಕಡೆಗೆ ಹೋದರೆ ಹೂಕೋಸಿನ ಗಡ್ಡೆಯಂಥ ಬೆಳ್ಳನೆಯ ಮ್ಯಾಗ್ನಸೈಟ್ ಕಾಣುತ್ತದೆ. ಸುಣ್ಣಕಲ್ಲಿನ ತಮ್ಮನೇನೋ ಎನ್ನಿಸುತ್ತದೆ. ಸುಣ್ಣಕಲ್ಲಿಗೆ ತಣ್ಣನೆಯ ದುರ್ಬಲ ಆಮ್ಲದ ಒಂದು ಹನಿ ಬಿದ್ದರೆ ಕೂಡಲೇ ಬುರುಗೇಳುತ್ತದೆ. ಇದು ಮಾತ್ರ ಸುಮ್ಮನಿರುತ್ತದೆ. ಆಮ್ಲವನ್ನು ಬಿಸಿ ಮಾಡಿ ಹಾಕಬೇಕು, ಆಗ ಬಾಯಿಬಿಡುತ್ತದೆ. ತರಗತಿಯಲ್ಲಿ ಇಂಥ ಹುಡುಗರನ್ನು ನಾನು ಬಲ್ಲೆ. ಅದೇ ಸುತ್ತಿನಲ್ಲಿ ಕೈಗೆತ್ತಿಕೊಂಡರೆ ತೂಕಕ್ಕೆ ಮಣಿಕಟ್ಟು ಬಾಗಿಸುವ ಕಪ್ಪು ಕ್ರೋಮೈಟ್ ಕೂಡ ಉಂಟು.

ಮರಳಿ ಬಂದೊಡನೆ, ಕಾಲಿನ ಧೂಳು ತೊಳೆಯುವ ಮೊದಲೇ ಚೀಟಿ ಬರೆಯಬೇಕು. ಹೆಸರು ಆಮೇಲೆ ತಿಳಿದರೂ ಆದೀತು. ಸ್ಥಳ ಮತ್ತು ತಾರೀಖು ಈಗಲೇ ಆಗಬೇಕು. "ಹೆಸರನ್ನು ಕಲ್ಲು ಎಂದಾದರೂ ಹೇಳುತ್ತದೆ, ಊರನ್ನು ಎಂದೂ ಹೇಳುವುದಿಲ್ಲ" ಎನ್ನುತ್ತಿದ್ದರು ಮೇಷ್ಟರು.

ನನಗೆ ಈ ಮಾತು ಬೇಗ ಅರ್ಥವಾಯಿತು, ಶಾಸನ ಓದುವವರ ಸಹವಾಸದಿಂದ. ಹಲ್ಮಿಡಿಯ ಶಾಸನವನ್ನು ಆ ಊರಿನಿಂದ ಒಯ್ದು ಎಷ್ಟೋ ಕಾಲವಾಯಿತು. ಆದರೂ ಆ ಪುಟ್ಟ ಊರು ಕಲ್ಲಿನ ಜೊತೆಯಲ್ಲಿಯೇ ಹೋಗಿ ಕನ್ನಡ ಓದಿದ ಪ್ರತಿಯೊಬ್ಬರ ಬಾಯಲ್ಲಿಯೂ ನೆಲೆಸಿದೆ. ಊರಿನ ಹೆಸರು ಕಳೆದುಹೋಗಿದ್ದರೆ ಅಕ್ಷರಗಳೇನೋ ಉಳಿಯುತ್ತಿದ್ದುವು. ಯಾವ ನೆಲದ ಮಾತು, ಯಾರ ಊರಿನ ದತ್ತಿ ಎಂಬ ಪ್ರಶ್ನೆಗಳಿಗೆ ಕಾಲು ಊರಲು ಜಾಗವಿರುತ್ತಿರಲಿಲ್ಲ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ 1894ರಲ್ಲಿ ಆರಂಭವಾದಾಗ ಅದರ ಹೊಣೆ ಹೊತ್ತ ರಾಬರ್ಟ್ ಬ್ರೂಸ್ ಫೂಟ್, ನಮ್ಮ ಬೆಟ್ಟಬಯಲುಗಳಲ್ಲಿ ಅಲೆದು ಶಿಲಾಯುಗದ ಆಯುಧಗಳನ್ನೂ ಕೂಡಿಸಿದವನು. ಆ ಸಂಗ್ರಹ ಮದರಾಸಿನ ವಸ್ತುಸಂಗ್ರಹಾಲಯವನ್ನು ಸೇರಿತು. ಅವನು 1912ರಲ್ಲಿ ತೀರಿಕೊಂಡ ಮೇಲೆ, 1916ರಲ್ಲಿ, ಅದನ್ನು ಕುರಿತ ಟಿಪ್ಪಣಿಗಳು ಅಚ್ಚಾದುವು. ವಿದ್ವಾಂಸರು ಇಂದಿಗೂ ಅದನ್ನು ತಿರುವಿಹಾಕುವುದು ಕಲ್ಲುಗಳ ಚೆಲುವಿಗಿಂತ ಹೆಚ್ಚಾಗಿ ಅವು ಎಲ್ಲಿ ಸಿಕ್ಕಿದುವು ಎಂಬುದಕ್ಕಾಗಿ.

ಮೇಷ್ಟರ ಹತ್ತಿರ ಸುಮಾರು 1,200 ಕಲ್ಲುಗಳಿದ್ದುವು. ಹಳೆಯ ಚೀಟಿಗಳನ್ನು ಅವರ ಹೆಂಡತಿ ಬರೆದಿದ್ದರು. ಆಕೆ ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿ. ಮಗ್ಗಿಯ ಪುಸ್ತಕದ ಅಕ್ಷರದಂಥ ಅಕ್ಷರ, ಎಲ್ಲವೂ ಪೆನ್ಸಿಲಿನಲ್ಲಿ. ಚೀಟಿಯೆಂದರೆ ಒಣ ಚೀಟಿಯಲ್ಲ. "ಬೆಣಚು. ರಸ್ತೆಯಿಂದ ಎಡಕ್ಕೆ, ದೊಡ್ಡ ಹುಣಿಸೆಮರದ ಹಿಂದೆ, ಬಾವಿ ತೋಡಿದ ಮಣ್ಣಿನಲ್ಲಿ." ಆ ರಸ್ತೆ ಅಗಲವಾಗಿದೆ, ಹುಣಿಸೆಮರವೂ ಬಾವಿಯೂ ಈಗ ಇಲ್ಲ. ಇನ್ನೊಂದರ ಮೇಲೆ "ಚಾಂಪಿಯನ್ ರೀಫ್, ಕೋಲಾರದ ಚಿನ್ನದ ಗಣಿ" ಎಂದಿದೆ. ಬೂದುಬಣ್ಣದ ಬೆಣಚಿನ ತುಂಡು, ಚಿನ್ನ ಕಣ್ಣಿಗೆ ಕಾಣುವುದಿಲ್ಲ. ಆ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. 2001ರ ಫೆಬ್ರುವರಿ 28ರಂದು ಮುಚ್ಚಿತು. ಕುದುರೆಮುಖದಲ್ಲಿಯೂ ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ನಿಂತದ್ದು ಕಾಡಿಗೆ ಒಳ್ಳೆಯದೇ. ಅಲ್ಲಿಯದೆಂದು ಬರೆದಿರುವ ತುಂಡಿಗೆ ಮಾತ್ರ ಈಗ ಅದರ ಚೀಟಿಯೇ ಸಾಕ್ಷಿ.

2023ರಲ್ಲಿ ಮೇಷ್ಟರಿಗೆ ಎಂಬತ್ತು ದಾಟಿತ್ತು. ಮಗಳು ಪರದೇಶದಲ್ಲಿದ್ದಾಳೆ. ಮನೆಯನ್ನು ಅಪಾರ್ಟ್‌ಮೆಂಟು ಕಟ್ಟುವವರಿಗೆ ಕೊಡುವುದೆಂದೂ, ಮೇಷ್ಟರು ಎರಡು ಕೋಣೆಯ ಬಾಡಿಗೆಮನೆಗೆ ಹೋಗುವುದೆಂದೂ ನಿಶ್ಚಯವಾಯಿತು. ಎರಡು ಕೋಣೆಗಳಲ್ಲಿ ಮನುಷ್ಯನೊಬ್ಬ ಹಿಡಿಸಬಹುದು. ಅವನ 1,200 ಕಲ್ಲುಗಳು ಹಿಡಿಸಲಾರವು. ಒಂದು ವಿದ್ಯಾಸಂಸ್ಥೆಯನ್ನು ಕೇಳಿದೆವು. ಅವರು ಬಹಳ ಮರ್ಯಾದೆಯಿಂದ ಕಾಫಿ ಕೊಟ್ಟರು. ಗಾಜಿನ ಕಪಾಟು ನಾವೇ ಮಾಡಿಸಿಕೊಟ್ಟರೆ ಚೆನ್ನಾಗಿ ಕಾಣುವ ಹತ್ತಿಪ್ಪತ್ತು ಕಲ್ಲುಗಳನ್ನು ಇಡಬಹುದೆಂದರು. ಪೆನ್ಸಿಲಿನ ಚೀಟಿಗಳನ್ನು ತೆಗೆದು ಇಂಗ್ಲಿಷಿನಲ್ಲಿ ಅಚ್ಚುಮಾಡಿದ ಫಲಕ ಹಾಕಬಹುದೆಂದರು. ಮೇಷ್ಟರು ಕಾಫಿ ಮುಗಿಸಿ ಎದ್ದರು.

ಕೊನೆಗೆ ಗ್ರಾನೈಟ್ ಅಂಗಡಿಯವರು ತಮ್ಮ ಹಿಂದಿನ ಶೆಡ್ಡಿನಲ್ಲಿ ಒಂದು ಗೋಡೆ ಬಿಟ್ಟುಕೊಟ್ಟರು. ಆರು ಭಾನುವಾರ ಕುಳಿತು ಒಂದೊಂದು ಕಲ್ಲನ್ನೂ ದಾಖಲೆ ಪುಸ್ತಕದೊಡನೆ ತಾಳೆ ನೋಡಿ, ಕಾಗದದಲ್ಲಿ ಸುತ್ತಿ, ಪೆಟ್ಟಿಗೆಗಳಲ್ಲಿ ತುಂಬಿದೆವು. ಐದನೆಯ ಭಾನುವಾರ ಅಟ್ಟದ ಕೆಳಗಿನಿಂದ ಒಂದು ಮರದ ಪೆಟ್ಟಿಗೆ ಬಂತು. ಅದರಲ್ಲಿ 41 ಕಲ್ಲುಗಳು; ಒಂದಕ್ಕೂ ಚೀಟಿಯಿಲ್ಲ.

ಮೇಷ್ಟರು ಒಮ್ಮೆ ನೋಡಿ, "ಅದನ್ನು ಹೊರಗೆ ಜಲ್ಲಿ ರಾಶಿಗೆ ಸುರಿದುಬಿಡಿ" ಎಂದರು.

ಎಲ್ಲರಿಗೂ ಗಾಬರಿಯಾಯಿತು. ಅವುಗಳಲ್ಲಿ ಬೆರಳುದ್ದದ ನೀಲಿ ಕಯನೈಟ್ ಇತ್ತು. ಹೆಸರುಕಾಳಿನ ಗಾತ್ರದ ಗಾರ್ನೆಟ್‌ಗಳನ್ನು ಮೈತುಂಬ ಮೆತ್ತಿಕೊಂಡ ಪದರಗಲ್ಲಿತ್ತು. ಅಂಗಡಿಯವರು, "ಚೆಲುವಾದ ಕಲ್ಲಿಗೆ ಜಾತಕ ಬೇಕೆ, ಸ್ವಾಮಿ?" ಎಂದರು. ನಾನು ನನ್ನ ಶಾಸ್ತ್ರದಿಂದ ಒಂದು ನಿದರ್ಶನ ಕೊಟ್ಟೆ: ಜನಪದ ಗೀತೆಗಳನ್ನು ಕಟ್ಟಿದವರು ಯಾರೆಂದು ತಿಳಿಯದು, ಹಾಗೆಂದು ಅವುಗಳನ್ನು ಎಸೆಯುತ್ತೇವೆಯೆ? "ಹಾಡು ಹೋದ ಊರಿನಲ್ಲೆಲ್ಲ ಹುಟ್ಟುತ್ತದೆ. ಕಲ್ಲು ಒಂದೇ ಊರಿನಲ್ಲಿ ಹುಟ್ಟುತ್ತದೆ" ಎಂದರು ಮೇಷ್ಟರು. ರೈಲ್ವೆ ಗುಮಾಸ್ತರು ಒಂದನ್ನು ಎತ್ತಿಹಿಡಿದು, "ಇದು ಸಿಂಧುವಳ್ಳಿಯದೇ ಇರಬೇಕು" ಎಂದರು. "ಇರಬೇಕು ಎಂಬ ಮಾತನ್ನು ಚೀಟಿಯಲ್ಲಿ ಬರೆಯುವ ಹಾಗಿಲ್ಲ" ಎಂದು ಮೇಷ್ಟರು ಅಷ್ಟಕ್ಕೇ ಮುಗಿಸಿದರು.

ನನ್ನ ಕೈಯಲ್ಲಿ ದಾಖಲೆ ಪುಸ್ತಕವಿತ್ತು. ಆಕೆಯ ಅಕ್ಷರ 2014ರ ಆಷಾಢದಲ್ಲಿ ನಿಲ್ಲುತ್ತದೆ. ನನ್ನ ಅಕ್ಷರ ಮರುವರ್ಷ ಆರಂಭವಾಗುತ್ತದೆ. ನಡುವೆ ಏನೂ ಇಲ್ಲ. ಆ ವರ್ಷ ಕೂಟ ಸೇರಿರಲಿಲ್ಲವೆಂದೂ, ಮೇಷ್ಟರು ಯಾರನ್ನೂ ಕರೆಯದೆ ಬೆಳಿಗ್ಗೆ ಒಬ್ಬರೇ ಬಸ್ಸು ಹತ್ತಿ ಸಂಜೆಗೆ ಬರುತ್ತಿದ್ದರೆಂದೂ ದಂತವೈದ್ಯರು ನನಗೆ ಹಿಂದೆಯೇ ಹೇಳಿದ್ದರು. ನಾನು ಪುಸ್ತಕ ಮುಚ್ಚಿ ಸುಮ್ಮನಾದೆ. ಈ 41 ಕಲ್ಲುಗಳ ಊರು ಗೊತ್ತಿದ್ದವರು ಒಬ್ಬರೇ. ಅವರಿಗೂ ಅದು ಕಲೆಸಿಹೋಗಿತ್ತು.

ಭೂವಿಜ್ಞಾನದ ಹುಡುಗಿ ಪೆಟ್ಟಿಗೆಯ ಮುಂದೆ ಕುಳಿತೇ ಇದ್ದಳು. ಸ್ವಲ್ಪ ಹೊತ್ತಿನ ಮೇಲೆ, "ಸಾರ್, ಇವು ನಮಗೆ ಸಿಕ್ಕಿದ್ದು ಎಲ್ಲಿ?" ಎಂದಳು. "ಎಲ್ಲಿ ಎಂದರೆ, ಇಲ್ಲಿಯೇ" ಎಂದರು ಮೇಷ್ಟರು. "ಹಾಗಾದರೆ ಅದನ್ನೇ ಬರೆಯೋಣ. ಅದರಲ್ಲಿ 'ಇರಬೇಕು' ಏನೂ ಇಲ್ಲವಲ್ಲ?"

ಮೇಷ್ಟರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಪೆನ್ಸಿಲನ್ನು ನನ್ನ ಕಡೆಗೆ ತಳ್ಳಿದರು. ಆ ಮಧ್ಯಾಹ್ನ ನಾನು 41 ಚೀಟಿ ಬರೆದೆ. "ಮೂಲಸ್ಥಳ: ತಿಳಿಯದು. ದೊರೆತದ್ದು: ಮೇಷ್ಟರ ಮನೆ, ಅಟ್ಟದ ಕೆಳಗಿನ ಮರದ ಪೆಟ್ಟಿಗೆ" ಎಂದು ಬರೆದು, ಕೆಳಗೆ ಮನೆಯ ನಂಬರು, ಅಡ್ಡರಸ್ತೆ, ತಾರೀಖು ಹಾಕಿದೆ. ತಿಳಿಯದು ಎಂಬ ಪದವನ್ನು ಬರೆಯುವಾಗ ಮೇಷ್ಟರು ಪ್ರತಿಸಲವೂ ಬಗ್ಗಿ ನೋಡಿದರು, ಎಲ್ಲಿ ಬಿಟ್ಟುಬಿಡುತ್ತೇನೋ ಎಂದು.

ಮನೆಯನ್ನು ಆ ವರ್ಷವೇ ಕೆಡವಿದರು. ಎರಡನೆಯ ಭಾನುವಾರಗಳಲ್ಲಿ ಈಗ ಗ್ರಾನೈಟ್ ಅಂಗಡಿಯ ಶೆಡ್ಡಿನಲ್ಲಿ ಸೇರುತ್ತೇವೆ; ಉಪ್ಪಿಟ್ಟು ಹೋಟೆಲಿನಿಂದ ಬರುತ್ತದೆ. ಮೇಷ್ಟರು ಆಟೋದಲ್ಲಿ ಬಂದು ಹೋಗುತ್ತಾರೆ. ಯಾವ ಶಾಲೆಯವರಾದರೂ ಕೇಳಿದರೆ ಒಂದು ಪೆಟ್ಟಿಗೆಯನ್ನು ಒಂದು ವಾರದ ಮಟ್ಟಿಗೆ ಕೊಡುತ್ತೇವೆ. ಚೀಟಿಯಿಲ್ಲದ ಪೆಟ್ಟಿಗೆ ಎಂದು ನಾವು ಈಗಲೂ ಕರೆಯುವ ಆ ಪೆಟ್ಟಿಗೆಯೇ ಹೆಚ್ಚು ತಿರುಗಾಡುತ್ತದೆ. ಊರು ತಿಳಿಯದ್ದರಿಂದ ಮಕ್ಕಳು ಅದನ್ನು ಊಹಿಸಲು ಉಜ್ಜುತ್ತಾರೆ, ಗೀರುತ್ತಾರೆ, ಜಗಳವಾಡುತ್ತಾರೆ. ಊಹೆಗಳನ್ನು ಬೇರೊಂದು ಕಾಗದದಲ್ಲಿ ಬರೆದಿಡಲು ಮೇಷ್ಟರ ಅನುಮತಿ ಇದೆ. ಚೀಟಿಯ ಮೇಲೆ ಇಲ್ಲ.

ವಾಚಕರ ಮನೆಯಲ್ಲಿಯೂ ಇಂಥ ಒಂದಾದರೂ ಕಲ್ಲು ಇದ್ದೇ ಇರುತ್ತದೆ. ಅಜ್ಜ ಗಂಡಕಿಯಿಂದ ತಂದ ಸಾಲಿಗ್ರಾಮವಿರಬಹುದು. ಅದರೊಳಗಿನ ಚಕ್ರ ಒಂದು ಕಾಲದಲ್ಲಿ ಸಮುದ್ರದಲ್ಲಿ ಬಾಳಿದ ಅಮೊನೈಟ್ ಎಂಬ ಜೀವಿಯ ಚಿಪ್ಪಿನ ಗುರುತು. ಮಕ್ಕಳು ಸಮುದ್ರತೀರದಿಂದ ಜೇಬಿನಲ್ಲಿ ಹಾಕಿಕೊಂಡು ಬಂದ ನುಣುಪುಗಲ್ಲಿರಬಹುದು. ಅದು ಎಲ್ಲಿಯದೆಂದು ತಿಳಿದವರು ಮನೆಯಲ್ಲಿ ಇನ್ನೂ ಇದ್ದರೆ ಇವೊತ್ತೇ ಕೇಳಿ, ಒಂದು ತುಂಡು ಕಾಗದದ ಮೇಲೆ ಬರೆದು ಅದರ ಜೊತೆಯಲ್ಲಿಡಿ. ಪೆನ್ಸಿಲಾದರೆ ಒಳ್ಳೆಯದು, ಮಸಿ ನೀರು ಬಿದ್ದರೆ ಹರಡುತ್ತದೆ.